ಹುಳಿಯಿಲ್ಲದ ಅಂಬಲಿ

ವಿಜಯಪುರದ ಜಲನಗರದಲ್ಲಿ ಏಪ್ರಿಲ್ ತಿಂಗಳ ರಾತ್ರಿ ಹತ್ತು ಗಂಟೆಗೆ ಗೋಡೆ ಮುಟ್ಟಿದರೂ ಕೈಗೆ ಬಿಸಿ ತಾಗುತ್ತದೆ. ಊಟ ಮುಗಿದು ಪಾತ್ರೆ ತೊಳೆದಾದ ಮೇಲೂ ಅಂಬಲಿ ಕುಡಿಯುವ ಮನೆಯಲ್ಲಿ ಒಂದು ಕೆಲಸ ಉಳಿದಿರುತ್ತದೆ. ಒಂದು ಬಟ್ಟಲು ಬಿಳಿಜೋಳದ ಹಿಟ್ಟಿಗೆ ಒಂದು ಬಟ್ಟಲು ಹುಳಿಮಜ್ಜಿಗೆ ಸುರಿದು, ಗಂಟಾಗದಂತೆ ಕೈಯಿಂದಲೇ ಕಲಸಿ, ಗಡಿಗೆ ಇದ್ದರೆ ಗಡಿಗೆಗೆ, ಇಲ್ಲದಿದ್ದರೆ ಸ್ಟೀಲಿನ ಡಬರಿಗೆ ಹಾಕಿ ಬಾಯಿಗೆ ತೆಳು ಅರಿವೆ ಕಟ್ಟಿಡಬೇಕು. ಬೆಳಗಾಗುವುದರೊಳಗೆ ಮೇಲೆ ಸಣ್ಣ ಗುಳ್ಳೆಗಳು ಎದ್ದಿರುತ್ತವೆ. ಮನೆಯ ಹಿರಿಯಾಕೆ ಪಾತ್ರೆಯನ್ನು ಮೂಗಿನ ಹತ್ತಿರ ಒಯ್ದು "ಹುಳಿ ಬಂದೈತಿ" ಅಂದ ಮೇಲೆಯೇ ಒಲೆಯ ಮೇಲೆ ಎಸರು ಏರುತ್ತದೆ. "ಇನ್ನೂ ಬಂದಿಲ್ಲ" ಅಂದರೆ ಪಾತ್ರೆ ಮತ್ತೆರಡು ತಾಸು ಮೂಲೆಯಲ್ಲೇ ಕೂರುತ್ತದೆ.

ಬೇಸಿಗೆ ಬಂತೆಂದರೆ ಪತ್ರಿಕೆಗಳ ಆರೋಗ್ಯ ಪುಟದಲ್ಲಿ ಅಂಬಲಿಗೆ ಹೊಗಳಿಕೆಯ ಸುರಿಮಳೆ. ತಂಪು, ಪೌಷ್ಟಿಕ, ಅಜ್ಜಿಯ ಕಾಲದ್ದು ಎನ್ನುವಷ್ಟಕ್ಕೆ ಬರಹ ಮುಗಿದಿರುತ್ತದೆ. ಅಂಬಲಿ ಕಾಸುವುದನ್ನು ಒಂದು ಕಸುಬೆಂದು ತಿಳಿದು, ಅದರಲ್ಲಿ ಕಾಳೆಷ್ಟು ಜಳ್ಳೆಷ್ಟು ಎಂದು ಕೇರಿ ನೋಡಿದ್ದು ಕಡಿಮೆ. ಕೇರಲು ಮೊರ ಬೇಕು. ಆ ಮೊರ ಸಿಗುವುದು ಯಾರೂ ಹುಡುಕದ ಜಾಗದಲ್ಲಿ, ಅಮೆರಿಕದ ಗ್ಯಾರೇಜುಗಳಲ್ಲಿ ಹವ್ಯಾಸಕ್ಕೆ ಬಿಯರ್ ಕಾಸುವವರ ಹತ್ತಿರ.

ಮನೆಬಳಕೆಗೆ ಬಿಯರ್ ಮಾಡಿಕೊಳ್ಳಲು ಅಲ್ಲಿದ್ದ ಕೇಂದ್ರ ಸರ್ಕಾರದ ಅಡ್ಡಿ 1978ರ ಕಾನೂನಿನಿಂದ ತೆರವಾಯಿತು. ಈ ಹವ್ಯಾಸಿಗಳಲ್ಲಿ ಹೊಸಬರು ಮೊದಮೊದಲಿಗೆ ಕೈಹಾಕುವ ಬಗೆಗಳಲ್ಲಿ ಕ್ರೀಮ್ ಏಲ್ ಒಂದು. ಹೆಸರಿನಲ್ಲಿ ಕೆನೆಯಿದೆ, ಪಾತ್ರೆಯಲ್ಲಿ ಹಾಲಿನ ಹನಿಯೂ ಇಲ್ಲ. ತಿಳಿ ಹೊಂಬಣ್ಣ, ಅಲ್ಪ ಕಹಿ, ಮದ್ಯಸಾರ ಶೇ 4.2ರಿಂದ 5.6. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರಿನ ಜೆನೆಸೀ ಕಂಪನಿ 1960ರಲ್ಲಿ ಮಾರುಕಟ್ಟೆಗೆ ಬಿಟ್ಟ ಕ್ರೀಮ್ ಏಲನ್ನು ಇಂದಿಗೂ ಮಾದರಿಯಾಗಿ ಹೆಸರಿಸುತ್ತಾರೆ. ಧಾನ್ಯದಿಂದಲೇ ಶುರು ಮಾಡುವವರು 20 ಲೀಟರಿಗೆ ಸುಮಾರು 3.5 ಕಿಲೋ ಬಾರ್ಲಿ ಮಾಲ್ಟು ಮತ್ತು ಒಂದು ಕಿಲೋ ಗೋವಿನಜೋಳದ ಅವಲಕ್ಕಿ ತೆಗೆದುಕೊಳ್ಳುತ್ತಾರೆ. ಅದನ್ನು 65 ಡಿಗ್ರಿ ಬಿಸಿಯ ನೀರಿನಲ್ಲಿ ಒಂದು ತಾಸು ನೆನೆಸುತ್ತಾರೆ. ಬಸಿದು ಬಂದ ಸಿಹಿನೀರಿಗೆ ಹಾಪ್ಸ್ ಹಾಕಿ ಇನ್ನೊಂದು ತಾಸು ಕುದಿಸುತ್ತಾರೆ. ತಣಿಸಿ, ಯೀಸ್ಟ್ ಬೆರೆಸಿ, 18 ಡಿಗ್ರಿಯ ಆಸುಪಾಸಿನಲ್ಲಿ ವಾರಕ್ಕೂ ಮಿಕ್ಕಿ ಹುದುಗಲು ಬಿಟ್ಟು, ಆಮೇಲೆ ಫ್ರಿಜ್ಜಿನ ತಂಪಿನಲ್ಲಿ ಎರಡು ವಾರ ಇಡುತ್ತಾರೆ.

ಇಷ್ಟು ಮಾಡಿದ ಬಿಯರನ್ನು ತೀರ್ಪಿಗಿಟ್ಟಾಗ ಮುಖ್ಯವಾಗಿ ನಾಲ್ಕು ಪ್ರಶ್ನೆ ಏಳುತ್ತವೆ. ಕಾಳು ಯಾವುದು? ಕಾವು ಎಷ್ಟು? ಹುದುಗಿಸಿದ್ದು ಯಾರು? ಎಷ್ಟು ಹೊತ್ತು? ವಿಜಯಪುರದ ಅಂಬಲಿಯ ಗಡಿಗೆಗೂ ಇವೇ ನಾಲ್ಕು ಪ್ರಶ್ನೆ ಹಾಕಬಹುದು.

ಮೊದಲ ಪ್ರಶ್ನೆಯಲ್ಲಿ ಅಂಬಲಿಗೆ ಪೂರ್ತಿ ಅಂಕ. ಡೋಣಿ ಬೆಳೆದರೆ ಓಣೆಲ್ಲ ಜೋಳ ಎಂಬ ಮಾತು ಹುಟ್ಟಿದ ಡೋಣಿ ಹೊಳೆಯ ಸೀಮೆ ಇದು. ಬಬಲೇಶ್ವರದ ಕಡೆಯ ಎರೆಹೊಲಗಳಲ್ಲಿ ಸೆಪ್ಟೆಂಬರ್-ಅಕ್ಟೋಬರದಲ್ಲಿ ಬಿತ್ತಿದ ಹಿಂಗಾರಿ ಜೋಳ ಮಣ್ಣು ಹಿಡಿದಿಟ್ಟ ತೇವದ ಮೇಲೆಯೇ ಬೆಳೆದು, ಮಳೆಯಿಲ್ಲದ ದಿನಗಳಲ್ಲಿ ತೆನೆ ಕಟ್ಟುತ್ತದೆ. ಮುಂಗಾರಿ ಹೈಬ್ರಿಡ್ ಜೋಳಕ್ಕೆ ತೆನೆ ಬಲಿಯುವ ಹೊತ್ತಿಗೆ ಮಳೆ ಸಿಕ್ಕಿ ಕಾಳಿಗೆ ಬೂಷ್ಟು ಹಿಡಿಯುವ ಭಯ ಇರುತ್ತದೆ. ಹಿಂಗಾರಿಗೆ ಆ ಭಯ ಕಡಿಮೆ, ಹಾಗಾಗಿ ಕಾಳು ಮುತ್ತಿನಂತೆ ಬೆಳ್ಳಗಿರುತ್ತದೆ. ಸೋಲಾಪುರ ಜಿಲ್ಲೆಯ ಮೊಹೋಳದಲ್ಲಿ ಸ್ಥಳೀಯ ತಳಿಯಿಂದ ಆರಿಸಿ ತೆಗೆದ ಮಾಲದಂಡಿ, ಅಂದರೆ ಎಂ 35-1, ಹಲವು ದಶಕಗಳಿಂದ ಈ ಸೀಮೆಯ ರೊಟ್ಟಿಯನ್ನು ಆಳಿದೆ. ಒಣಬೇಸಾಯದ ಸಂಶೋಧನೆ 1930ರ ದಶಕದಲ್ಲೇ ಶುರುವಾದ ವಿಜಯಪುರದ ಕೇಂದ್ರದಿಂದ ಬಿಜೆವಿ-44 ಎಂಬ ತಳಿ ಬಂದಿದೆ. ಕ್ರೀಮ್ ಏಲ್ ಮಾಡುವವನು ಮಾಲ್ಟಿನ ಚೀಲದ ಮೇಲಿನ ಚೀಟಿ ಓದಿ ಕೊಳ್ಳುತ್ತಾನೆ. ವಿಜಯಪುರದ ಗೃಹಿಣಿ ಒಂದು ಹಿಡಿ ಕಾಳನ್ನು ಅಂಗೈಯಲ್ಲಿ ಹರಡಿ, ಒಂದನ್ನು ಹಲ್ಲಿಗಿಟ್ಟು ಕಡಿದು, "ಇದು ಮಾಲದಂಡಿ ಅಲ್ಲ ಬಿಡ್ರಿ" ಎಂದು ಸಂತೆಯಲ್ಲೇ ಮುಂದೆ ಹೋಗುತ್ತಾಳೆ.

ಕಾಳಿನಷ್ಟೇ ಮುಖ್ಯವಾದದ್ದು ಹಿಟ್ಟಿನ ವಯಸ್ಸು. ಜೋಳದ ಹಿಟ್ಟಿನಲ್ಲಿ ಮೊಳಕೆಯಂಶದ ಎಣ್ಣೆ ಇರುವುದರಿಂದ ಅದು ಬೇಗ ಮುಗ್ಗಲು ಹಿಡಿದು ಕಹಿಯಾಗುತ್ತದೆ. ವಾರಕ್ಕೊಮ್ಮೆ ಗಿರಣಿಗೆ ಹೋಗುವ ಮನೆಗಳ ರೂಢಿ ಹುಟ್ಟಿದ್ದು ಈ ಕಾರಣಕ್ಕೇ. ಪೊಟ್ಟಣದಲ್ಲಿ ತಿಂಗಳುಗಟ್ಟಲೆ ಕೂತ ಹಿಟ್ಟಿನಿಂದ ಕಾಸಿದ ಅಂಬಲಿಯ ಕೊನೆಯಲ್ಲಿ ನಾಲಿಗೆಗೆ ತಟ್ಟುವ ಕಹಿ ಜೋಳದ್ದಲ್ಲ, ಹಳತಾದ ಹಿಟ್ಟಿನದು.

ಎರಡನೆಯದು ಕಾವು. ಬಾರ್ಲಿಯ ಪಿಷ್ಟ 60-65 ಡಿಗ್ರಿಯಲ್ಲೇ ಅರಳಿ ಅಂಟಾಗುತ್ತದೆ, ಜೋಳದ್ದಕ್ಕೆ ಸುಮಾರು 68ರಿಂದ 78 ಡಿಗ್ರಿ ಬೇಕು. ಗೋವಿನಜೋಳವೂ ಬಾರ್ಲಿಗಿಂತ ಹಟಮಾರಿ. ಕ್ರೀಮ್ ಏಲಿಗೆ ಗೋವಿನಜೋಳವನ್ನು ಮೊದಲೇ ಬೇಯಿಸಿ ಅವಲಕ್ಕಿ ಮಾಡಿಟ್ಟದ್ದನ್ನು ಬಳಸುವುದು ಇದಕ್ಕೇ. ಹಸಿ ನುಚ್ಚಾದರೆ ಬೇರೆ ಪಾತ್ರೆಯಲ್ಲಿ ಗಂಜಿ ಕಾಸಿಕೊಂಡು ಸೇರಿಸಬೇಕು. ಅಂಬಲಿ ಕಾಸುವವರು ಈ ಡಿಗ್ರಿಗಳನ್ನು ಓದಿದವರಲ್ಲ. ಆದರೂ ಹುಳಿ ಬಂದ ಹಿಟ್ಟನ್ನು ಕುದಿಯುವ ಐದಾರು ಬಟ್ಟಲು ಎಸರಿಗೆ ಸಣ್ಣ ಧಾರೆಯಾಗಿ ಬಿಡುತ್ತ, ಇನ್ನೊಂದು ಕೈಯಲ್ಲಿ ತಿರುವುತ್ತ, ಹಸಿ ವಾಸನೆ ಹೋಗುವವರೆಗೆ ಬಿಡದೆ ಕುದಿಸುತ್ತಾರೆ. ಅವಸರದಲ್ಲಿ ಇಳಿಸಿದರೆ ಅಂಬಲಿ ಗಂಟಲಲ್ಲಿ ಮರಳಿನಂತೆ ಉಳಿಯುತ್ತದೆ, ತಾಸು ಕಳೆಯುವುದರೊಳಗೆ ತಳಕ್ಕೆ ಹಿಟ್ಟು, ಮೇಲೆ ನೀರು. ಪಿಷ್ಟ ಅರಳಿಲ್ಲ ಎಂದು ಕಣ್ಣಿಗೇ ಕಾಣುವ ಸಾಕ್ಷಿ ಅದು.

ಹುದುಗಿಸುವವರು ಯಾರು ಎಂಬ ಮೂರನೆಯ ಪ್ರಶ್ನೆಯಲ್ಲಿ ಎರಡೂ ದಾರಿ ಕವಲೊಡೆಯುತ್ತವೆ. ಬಿಯರಿನಲ್ಲಿ ಆ ಕೆಲಸ ಯೀಸ್ಟಿನದು, ಅದಕ್ಕೆ ತಂಪು ಬೇಕು. ನಲವತ್ತು ಡಿಗ್ರಿ ದಾಟುವ ವಿಜಯಪುರದ ಬೇಸಿಗೆಯಲ್ಲಿ ಏಲ್ ಯೀಸ್ಟನ್ನು ಹೊರಗಿಟ್ಟರೆ ಕ್ರೀಮ್ ಏಲಿನ ಹಗುರ ರುಚಿ ಹೋಗಿ, ಗಂಟಲು ಸುಡುವ, ಘಾಟು ಹಿಡಿದ ಪಾನೀಯ ಸಿಗುತ್ತದೆ. ಅಂಬಲಿಯಲ್ಲಿ ದುಡಿಯುವವು ಮಜ್ಜಿಗೆಯ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು. ಅವಕ್ಕೆ 30ರಿಂದ 40 ಡಿಗ್ರಿ ಎಂದರೆ ಹಬ್ಬ. ರಾತ್ರಿಯೂ ತಣಿಯದ ಗೋಡೆಯನ್ನು ಬಿಯರಿನವನು ಶಪಿಸಿದರೆ ಅಂಬಲಿಯವಳು ಬಳಸಿಕೊಳ್ಳುತ್ತಾಳೆ. ಕರೆಂಟಿಲ್ಲದೆ, ಫ್ರಿಜ್ಜಿಲ್ಲದೆ, ಊರಿನ ಸೆಕೆಯನ್ನೇ ಯಂತ್ರ ಮಾಡಿಕೊಂಡ ಈ ವಿಧಾನ ತಾಂತ್ರಿಕವಾಗಿಯೂ ಜಾಣತನದ್ದು. ಇದಕ್ಕೆ ಸಿಗಬೇಕಾದ ಮೆಚ್ಚುಗೆ ಸಂಪ್ರದಾಯದ ಹೆಸರಿನಲ್ಲಿ ಸಿಗುತ್ತಿದೆ, ಕೌಶಲದ ಹೆಸರಿನಲ್ಲಿ ಸಿಗುತ್ತಿಲ್ಲ.

ಎಷ್ಟು ಹೊತ್ತು ಎಂಬುದಕ್ಕೆ ಒಂದೇ ಉತ್ತರವಿಲ್ಲ. ಬೇಸಿಗೆಯಲ್ಲಿ ಒಂದು ರಾತ್ರಿ ಸಾಕು, ಡಿಸೆಂಬರ್ ಚಳಿಯಲ್ಲಿ ಮಾರನೆಯ ಮಧ್ಯಾಹ್ನವೂ ಆಗಬಹುದು. ನೀರೂ ತನ್ನ ಪಾಲು ಕೇಳುತ್ತದೆ. ಬೇಳೆ ಬೇಗ ಬೇಯಗೊಡದ ಗಡಸು ಬೋರಿನ ನೀರಿನಲ್ಲಿ ಕಲಸಿದರೆ ಅದರ ಕ್ಷಾರ ಹುಟ್ಟಿದ ಹುಳಿಯಲ್ಲಿ ಒಂದಷ್ಟನ್ನು ನುಂಗುತ್ತದೆ, ಹುಳಿ ತಡವಾಗುತ್ತದೆ. ನೀರು ಹಾಕದೆ ಮಜ್ಜಿಗೆಯಲ್ಲೇ ಹಿಟ್ಟು ಕಲಸುವ ಮನೆಗಳು ಈ ತೊಡಕನ್ನು ಗೊತ್ತಿಲ್ಲದೆಯೇ ದಾಟಿವೆ.

ಇಲ್ಲಿಯವರೆಗೆ ಅಂಬಲಿಯ ಪಕ್ಷವೇ ಮೇಲು. ಇನ್ನು ಅದರ ಹೆಸರಿನಲ್ಲಿ ಆಡುವ ಮಾತುಗಳನ್ನು ನೋಡಬೇಕು.

ಅಂಬಲಿಯ ಪ್ರಚಾರದಲ್ಲಿ ಈಗ ಹೆಚ್ಚಾಗಿ ಕೇಳುವ ಪದ ಪ್ರೋಬಯಾಟಿಕ್. ಹೊಟ್ಟೆಗೆ ಒಳ್ಳೆಯ ಜೀವಂತ ಬ್ಯಾಕ್ಟೀರಿಯಾ ಅಂಬಲಿಯಲ್ಲಿ ತುಂಬಿವೆ ಎಂಬುದು ಇದರ ಅರ್ಥ. ಆದರೆ ಹುಳಿ ಬರಿಸಿ ಆಮೇಲೆ ಕುದಿಸುವ ವಿಧಾನದಲ್ಲಿ ಆ ಬ್ಯಾಕ್ಟೀರಿಯಾಗಳು ಕುದಿಯಲ್ಲೇ ಸಾಯುತ್ತವೆ. ಉಳಿಯುವುದು ಅವು ಮಾಡಿಟ್ಟ ಹುಳಿ ಮತ್ತು ಅವು ಮುಗಿಸಿದ ಕೆಲಸ. ಆರಿದ ಮೇಲೆ ಬೆರೆಸುವ ತಾಜಾ ಮಜ್ಜಿಗೆಯಿಂದ ಬಂದಷ್ಟೇ ಜೀವಂತ. ಇನ್ನೊಂದು ವಿಧಾನದಲ್ಲಿ ನುಚ್ಚನ್ನೋ ಹಿಟ್ಟನ್ನೋ ಮೊದಲು ಬೇಯಿಸಿ, ಉಗುರುಬೆಚ್ಚಗಾದ ಮೇಲೆ ಮಜ್ಜಿಗೆ ಸೇರಿಸಿ ರಾತ್ರಿಯಿಡೀ ಬಿಡುತ್ತಾರೆ. ಜೀವಂತ ಬ್ಯಾಕ್ಟೀರಿಯಾ ಬೇಕೆನ್ನುವವರಿಗೆ ಈ ದಾರಿ ಸರಿ. ಇದರಲ್ಲಿ ಒಂದು ಅಪಾಯವೂ ಇದೆ. ಬೇಯಿಸಿದ ಗಂಜಿ ಬೆಚ್ಚಗಿನ ಅಡುಗೆಮನೆಯಲ್ಲಿ ಬೇಡದ ಜೀವಿಗಳಿಗೂ ಸಮೃದ್ಧ ಊಟ. ಧಾರಾಳವಾಗಿ ಹುಳಿಮಜ್ಜಿಗೆಯನ್ನೋ, ನಿನ್ನೆಯ ಅಂಬಲಿಯ ಒಂದು ಸೌಟನ್ನೋ ಹಾಕಿದ್ದರೆ ಹುಳಿ ಬೇಗ ಏರಿ ಅವುಗಳನ್ನು ತಡೆಯುತ್ತದೆ. ಹನಿ ಮಜ್ಜಿಗೆ ತೋರಿಸಿ ಬಿಟ್ಟರೆ ಓಟದಲ್ಲಿ ಯಾರು ಗೆಲ್ಲುತ್ತಾರೆ ಎಂದು ಹೇಳಲಾಗದು.

ಹುಳಿಯ ನಿಜವಾದ ಲಾಭ ಪ್ರಚಾರ ಹೇಳುವುದಕ್ಕಿಂತ ಗಟ್ಟಿಯಾದದ್ದು. ಜೋಳದಲ್ಲಿ ಕಬ್ಬಿಣ, ಸತುವು ಇದ್ದರೂ ಫೈಟಿಕ್ ಆಮ್ಲ ಅವನ್ನು ಹಿಡಿದಿಟ್ಟುಕೊಂಡು ದೇಹಕ್ಕೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಹುದುಗಿದಾಗ ಆ ಹಿಡಿತ ಸಡಿಲುತ್ತದೆ. ಜೋಳದ ಪ್ರೋಟೀನಿಗೆ ಮತ್ತೊಂದು ವಿಚಿತ್ರ ಗುಣವಿದೆ. ನೀರಿನಲ್ಲಿ ಬೇಯಿಸಿದಾಗ ಅದು ಇನ್ನಷ್ಟು ಬಿಗಿದುಕೊಂಡು ಜೀರ್ಣಕ್ಕೆ ಕಷ್ಟವಾಗುತ್ತದೆ. ಗೋಧಿಗೂ ಅಕ್ಕಿಗೂ ಈ ತೊಂದರೆ ಇಷ್ಟಿಲ್ಲ. ಹುಳಿ ಬರಿಸಿ ಬೇಯಿಸಿದರೆ ಈ ಬಿಗಿತ ಬಹುಮಟ್ಟಿಗೆ ಇಳಿಯುತ್ತದೆ. ಹೀಗಿರುವಾಗ ಹುಳಿಯನ್ನು ಬರೀ ರುಚಿಯ ಮಾತೆಂದು ಬಿಟ್ಟರೆ ಜೋಳದ ಗಂಜಿಯ ಅರ್ಧ ಸತ್ವವನ್ನೇ ಬಿಟ್ಟುಕೊಟ್ಟಂತೆ.

ನಗರದ ಅಂಬಲಿ ಸೋಲುವುದು ಸರಿಯಾಗಿ ಇಲ್ಲಿಯೇ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಆಸುಪಾಸಿನಲ್ಲಿ ಜೋಳಕ್ಕೆ ಹೊಸ ಅಂಗಿ ತೊಡಿಸಲಾಯಿತು. ಮೇಳಗಳ ಮಳಿಗೆಗಳಲ್ಲಿ, ಬೆಳಗಿನ ವಾಕಿಂಗ್ ಮುಗಿಸಿದವರಿಗಾಗಿ ನಿಂತ ಗಾಡಿಗಳಲ್ಲಿ ಅಂಬಲಿ ಬಂತು. ಅದರಲ್ಲಿ ಬಹುಪಾಲು ಹಿಟ್ಟು ಕಾಸಿ, ಆರಿಸಿ, ಮೇಲೆ ಮಜ್ಜಿಗೆ ಕಲಸಿ, ಉಳ್ಳಾಗಡ್ಡಿ ಕೊತ್ತಂಬರಿ ಉದುರಿಸಿದ ಗಂಜಿ. ರಾತ್ರಿಯ ಆ ಎಂಟು-ಹತ್ತು ತಾಸು ಅದರೊಳಗೆ ಇಲ್ಲ. ಮಜ್ಜಿಗೆಯ ಹುಳಿ ನಾಲಿಗೆಯ ತುದಿಗೆ ತಾಕಿ ಹೋಗುತ್ತದೆ, ಜೋಳ ಮಾತ್ರ ಹಸಿ ಹಿಟ್ಟಿನ ಮಂಕು ರುಚಿಯಲ್ಲೇ ಉಳಿಯುತ್ತದೆ. ಹುಳಿ ಬಂದ ಅಂಬಲಿಯನ್ನು ಒಮ್ಮೆ ಕುಡಿದವರಿಗೆ ಈ ವ್ಯತ್ಯಾಸ ಮೊದಲ ಗುಟುಕಿಗೇ ತಿಳಿಯುತ್ತದೆ: ಅದರಲ್ಲಿ ಹುಳಿ ಮೇಲೆ ತೇಲುವುದಿಲ್ಲ, ಜೋಳದ ಒಳಗಿನಿಂದ ಬರುತ್ತದೆ, ಹಿಂದೆಯೇ ಸಣ್ಣ ಸಿಹಿ. ಮಾಲ್ಟ್ ಎಂಬ ಪದಕ್ಕೂ ಇದೇ ಗತಿ. ಮೊಳಕೆ ಬರಿಸಿ, ಒಣಗಿಸಿ, ಬೀಸಿದ್ದು ಮಾಲ್ಟು. ಆ ಮೊಳಕೆಯ ಕಿಣ್ವಗಳು ಗಟ್ಟಿ ಗಂಜಿಯನ್ನು ತೆಳುವಾಗಿಸಿ ಮಗುವಿಗೆ ಹೆಚ್ಚು ಹಿಟ್ಟು ಉಣಿಸಲು ದಾರಿ ಮಾಡುತ್ತವೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ರಾಗಿಯ ಮೇಲೆ ಈ ಬಗೆಯ ಕೆಲಸ ಬಹಳ ಮಾಡಿದೆ. ಅಂಗಡಿಯಲ್ಲೋ, ಮೊಳಕೆಯನ್ನೇ ಕಾಣದ ಹಿಟ್ಟಿಗೂ ಮಾಲ್ಟ್ ಎಂದೇ ಹೆಸರು.

ರಾತ್ರಿಯ ಹುಳಿಯನ್ನು ನಗರ ಕೈಬಿಡಲು ಅವಸರ ಒಂದೇ ಕಾರಣವಲ್ಲ, ನಾಚಿಕೆಯೂ ಇದೆ. ಅಂಬಲಿ ಕುಡಿಯುವವನಿಗೆ ಮೀಸೆ ತಿಕ್ಕುವವನೊಬ್ಬ ಎಂಬ ಗಾದೆ ಅಂಬಲಿಯನ್ನು ಬಡತನದ ಗುರುತು ಮಾಡಿಯೇ ನಗುತ್ತದೆ. ಆದರೆ ಇದೇ ನಾಡಿನ ಶರಣರ ಕಥೆಯಲ್ಲಿ ಚೋಳ ಅರಸನ ಕುದುರೆಗೆ ಹುಲ್ಲು ಹೊರುತ್ತಿದ್ದ ಮಾದಾರ ಚೆನ್ನಯ್ಯನ ಮನೆಯ ಅಂಬಲಿಗೆ ಶಿವನೇ ಕೈಯೊಡ್ಡಿ, ಅರಮನೆಯ ನೈವೇದ್ಯವನ್ನು ಬದಿಗಿಡುತ್ತಾನೆ. ಇದೇ ಜಿಲ್ಲೆಯ ಬಾಗೇವಾಡಿಯ ಬಸವಣ್ಣ ಆ ಚೆನ್ನಯ್ಯನನ್ನು ತಮ್ಮ ಹಿರಿಯನೆಂದು ಒಪ್ಪಿಕೊಂಡವರು. ಬೀದರ್ ಸೀಮೆಯಲ್ಲಂತೂ ಎಳ್ಳಮವಾಸ್ಯೆಗೆ ಹೊಲದಲ್ಲಿ ಭಜ್ಜಿಯ ಜೊತೆ ಅಂಬಲಿ ಇಲ್ಲದಿದ್ದರೆ ಹಬ್ಬವೇ ಆಗದು; ಗಡಿಯಾಚೆ ಲಾತೂರಿನ ಕಡೆ ಅದನ್ನೇ ಆಂಬೀಲ್ ಎನ್ನುತ್ತಾರೆ. ಗಾದೆಯ ನಗೆಗಿಂತ ಈ ಕಥೆ, ಈ ಹಬ್ಬ ಅಂಬಲಿಯನ್ನು ಹತ್ತಿರದಿಂದ ಬಲ್ಲವು.

ಹುದುಗು ಎಂದೊಡನೆ ಹೆಂಡ-ಸಾರಾಯಿ ನೆನಪಾಗುವುದು ನಾಚಿಕೆಯ ಇನ್ನೊಂದು ಮುಖ. ಸಾರಾಯಿ ಕರ್ನಾಟಕದಲ್ಲಿ 2007ರ ಜುಲೈ 1ರಿಂದ ನಿಷಿದ್ಧ. 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ, ಹವ್ಯಾಸದ ಕ್ರೀಮ್ ಏಲಿಗೂ ಇಲ್ಲಿ ದಾರಿಯಿಲ್ಲ. ಪರವಾನಗಿ ಪಡೆದ ಮೈಕ್ರೋಬ್ರೂವರಿಗಳು 2011ರಿಂದೀಚೆಗೆ ಬೆಂಗಳೂರಿನಲ್ಲಿ ಬೆಳೆದಿವೆ. ಬಾರ್ಲಿಯ ಜೊತೆ ಬಾಸ್ಮತಿ ಅಕ್ಕಿ ಸೇರಿಸಿ ಬಿಯರನ್ನು ಹಗುರ ಮಾಡಿದ ಉದಾಹರಣೆ ಅಲ್ಲಿದೆ. ಕ್ರೀಮ್ ಏಲಿನ ಗೋವಿನಜೋಳದ ಉಪಾಯವೇ ಅದು. ಅಂಬಲಿಗೆ ಈ ಕಾನೂನಿನ ಹಂಗಿಲ್ಲ. ಅದರ ಹುದುಗು ಹುಳಿಯಲ್ಲೇ ನಿಲ್ಲುತ್ತದೆ, ಅಮಲಿನ ಕಡೆ ಸಾಗುವುದಿಲ್ಲ.

ಜೋಳ ಮುಂದಕ್ಕೆ ಹೋಗಲಾರದ ಕಾಳೇನೂ ಅಲ್ಲ. ದಕ್ಷಿಣ ಆಫ್ರಿಕಾದ ಉಂಕೊಂಬೋತಿ, ಬುರ್ಕಿನಾ ಫಾಸೋದ ಡೋಲೋ, ಸುಡಾನಿನ ಮರಿಸಾ ಇವೆಲ್ಲ ಜೋಳ ಬಳಸಿ ಮಾಡುವ ಬಿಯರುಗಳೇ. ಉಂಕೊಂಬೋತಿ ಮಾಡುವ ಹೆಂಗಸರೂ ಮೊದಲು ಹಿಟ್ಟನ್ನು ನೀರಿನಲ್ಲಿ ಕಲಸಿ ಹುಳಿ ಬರಿಸುತ್ತಾರೆ, ಆಮೇಲೆ ಬೇಯಿಸುತ್ತಾರೆ. ಅಲ್ಲಿಯವರೆಗೆ ಜಲನಗರದ ಗಡಿಗೆಗೂ ಅದಕ್ಕೂ ವ್ಯತ್ಯಾಸ ಕಡಿಮೆ. ಆಮೇಲೆ ಅವರು ಮೊಳಕೆ ಜೋಳದ ಹಿಟ್ಟು ಬೆರೆಸಿ ಪಿಷ್ಟವನ್ನು ಸಕ್ಕರೆಯಾಗಿಸಿ, ಯೀಸ್ಟಿಗೆ ಒಪ್ಪಿಸುತ್ತಾರೆ. ನೈಜೀರಿಯಾ 1988ರಲ್ಲಿ ಬಾರ್ಲಿ ಮಾಲ್ಟಿನ ಆಮದು ನಿಲ್ಲಿಸಿದಾಗ ಅಲ್ಲಿನ ದೊಡ್ಡ ಕಾರ್ಖಾನೆಗಳೂ ಜೋಳದಿಂದ ಬಿಯರ್ ಮಾಡುವುದನ್ನು ಕಲಿಯಬೇಕಾಯಿತು. ಇಲ್ಲೊಂದು ಎಚ್ಚರಿಕೆ ಸಲ್ಲಬೇಕು. ಜೋಳದ ಮೊಳಕೆಯ ಎಳೆ ಚಿಗುರಿನಲ್ಲಿ ಧುರಿನ್ ಎಂಬ ವಸ್ತುವಿದ್ದು, ಅದರಿಂದ ಸಯನೈಡ್ ಹುಟ್ಟುತ್ತದೆ. ಎಳೆಯ ಜೋಳದ ಹೊಲಕ್ಕೆ ದನ ಬಿಡಬಾರದೆಂದು ರೈತರು ಹೇಳುವುದು ಈ ವಿಷದ ಕಾರಣಕ್ಕೇ. ಹೆಸರುಕಾಳಿನಂತೆ ಜೋಳದ ಮೊಳಕೆಯನ್ನು ಹಸಿಯಾಗಿ ತಿನ್ನುವುದು ತರವಲ್ಲ. ಮೊಳಕೆ ಹಿಟ್ಟು ಬೇಕೆಂದರೆ ಒಣಗಿಸಿ, ಬೇರು-ಚಿಗುರು ಉಜ್ಜಿ ಕೇರಿ ತೆಗೆದು, ಬೀಸಿ, ಚೆನ್ನಾಗಿ ಬೇಯಿಸಿಯೇ ಬಳಸಬೇಕು.

ಮನೆಯ ಅಂಬಲಿಯಲ್ಲೂ ದೋಷಗಳಿವೆ, ಮಮತೆಯಿಂದ ಅವನ್ನು ಮುಚ್ಚಿಡಬೇಕಿಲ್ಲ. ಬಿಯರ್ ಕಾಸುವ ಹವ್ಯಾಸಿ ಪ್ರತಿ ಸಲದ ತೂಕ, ಕಾವು, ದಿನ ಬರೆದಿಡುತ್ತಾನೆ. ಕೆಟ್ಟರೆ ಎಲ್ಲಿ ಕೆಟ್ಟಿತೆಂದು ಹಿಂದಕ್ಕೆ ಹೋಗಿ ನೋಡಬಲ್ಲ. ಅಂಬಲಿಯ ಅಳತೆ ಹಿರಿಯರ ಮೂಗಿನಲ್ಲಿದೆ, ಅವರ ಜೊತೆಗೇ ಹೋಗುತ್ತದೆ. ಸೋಮವಾರದ್ದು ಚೆಂದ, ಗುರುವಾರದ್ದು ಹಲ್ಲು ಜುಮ್ಮೆನ್ನುವಷ್ಟು ಹುಳಿ. ಹೆಚ್ಚಾದ ಹುಳಿಯನ್ನು ಉಪ್ಪು, ಹಸಿಮೆಣಸಿನಕಾಯಿ, ಬಳ್ಳೊಳ್ಳಿ, ಜೀರಿಗೆಯ ಕೆಳಗೆ ಬಚ್ಚಿಡುವ ಅಭ್ಯಾಸ ಬೇರೆ. ಪಾತ್ರೆಯ ವಿಷಯದಲ್ಲಿ ಅಜಾಗರೂಕತೆ ಇನ್ನೂ ಹೆಚ್ಚು. ಹುಳಿ ಪದಾರ್ಥ ರಾತ್ರಿಯಿಡೀ ಕೂರುವುದಾದರೆ ಅಲ್ಯೂಮಿನಿಯಂ ಬೋಗುಣಿಯೂ ಬೇಡ, ಕಲಾಯಿ ಹೋದ ಹಿತ್ತಾಳೆಯೂ ಬೇಡ. ಮಣ್ಣು, ಗಾಜು, ಸ್ಟೀಲು ಇವು ಮೂರೇ ಸರಿ. ಗಡಿಗೆಯ ರಂಧ್ರಗಳಲ್ಲಿ ಹಿಂದಿನ ಹುಳಿಯ ಜೀವಿಗಳು ಉಳಿದು ಮುಂದಿನದಕ್ಕೆ ಹೆಪ್ಪಾಗುವುದು ನಿಜ, ಬಿಸಿನೀರು ಕಾಣದ ಗಡಿಗೆಯಲ್ಲಿ ಬೂಷ್ಟು ಮನೆ ಮಾಡುವುದೂ ಅಷ್ಟೇ ನಿಜ. ಹಿಟ್ಟಿನ ಮೇಲೆ ಬಣ್ಣದ ಕಲೆ ಕಂಡರೆ, ವಾಸನೆ ಹುಳಿಯಿಂದ ಕೊಳೆತದ್ದಕ್ಕೆ ತಿರುಗಿದರೆ, ಕುದಿಸಿದರೆ ಸರಿಹೋದೀತು ಎಂಬ ಲೆಕ್ಕ ಬೇಡ. ಚೆಲ್ಲಬೇಕು.

ಒಟ್ಟು ತೀರ್ಪು ಹೀಗೆ. ಕಾಳಿನ ಆಯ್ಕೆಯಲ್ಲಿ, ಹವೆಯನ್ನು ಬಳಸಿಕೊಳ್ಳುವ ಜಾಣತನದಲ್ಲಿ, ಜೋಳದ ಬಿಗಿತವನ್ನು ಸಡಿಲಿಸುವ ಗುಣದಲ್ಲಿ ವಿಜಯಪುರದ ಹುಳಿ ಅಂಬಲಿ ಯಾವ ನಾಡಿನ ಧಾನ್ಯಪಾನೀಯದ ಎದುರೂ ನಿಲ್ಲಬಲ್ಲದು. ಸಮನಾದ ರುಚಿ, ಬರೆದಿಟ್ಟ ಅಳತೆ, ಪಾತ್ರೆಯ ಶುಚಿ ಈ ಮೂರರಲ್ಲಿ ಅದು ಹಿಂದೆ. ರಾತ್ರಿ ಕಳೆಯದೆ ತಯಾರಾದ ನಗರದ ಅಂಬಲಿ ಮಜ್ಜಿಗೆ ಬೆರೆತ ಗಂಜಿ. ಅದನ್ನು ಹಾಗೆಂದೇ ಕರೆದರೆ ಯಾರಿಗೂ ಮೋಸವಿಲ್ಲ.

ಅಂಬಲಿ ಮಾರುವವರಲ್ಲಿ ಒಂದೇ ಕೋರಿಕೆ. ಪಾತ್ರೆಯ ಪಕ್ಕ ಸಣ್ಣ ಹಲಗೆ ತೂಗುಹಾಕಿ, ಜೋಳ ಯಾವುದು, ಬೀಸಿದ್ದು ಯಾವತ್ತು, ಹುಳಿಗಿಟ್ಟದ್ದು ಎಷ್ಟು ತಾಸು ಎಂದು ಸೀಮೆಸುಣ್ಣದಲ್ಲಿ ಬರೆಯಲಿ. ಕುಡಿಯುವವರೂ ಲೋಟ ಎತ್ತುವ ಮುಂಚೆ ಅದನ್ನು ಓದಲಿ, ಹಲಗೆ ಇಲ್ಲದ ಕಡೆ ಬಾಯಿಬಿಟ್ಟು ಕೇಳಲಿ.